ಕೈಗೆ ಕೊಡದ ಚಾಕು

ನನ್ನ ಪ್ಯಾಂಟಿನ ಬಲಜೇಬಿನಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರುತ್ತದೆ. ಮದುವೆಮನೆಗೆ ಹೋದರೂ ಇರುತ್ತದೆ, ಆಸ್ಪತ್ರೆಗೆ ಹೋದರೂ ಇರುತ್ತದೆ. ಹೆಂಡತಿ ಬಟ್ಟೆ ನೆನೆಹಾಕುವ ಮೊದಲು ಅದನ್ನು ತೆಗೆದು ಕಿಟಕಿಯಲ್ಲಿಟ್ಟು, "ರೌಡಿಗೋಳು ಮಡಿಕಂಡಂಗೆ ಮಡಿಕಂಡು ತಿರುಗ್ತೀರಲ್ಲ, ನಾಚ್ಕೆ ಆಗಲ್ವಾ" ಎಂದು ಗೊಣಗುತ್ತಾಳೆ. ಬೆರಳುದ್ದದ ಅಲಗು ಅದು. ಅದನ್ನು ನೋಡಿ ಹೆದರುವ ರೌಡಿ ಇದ್ದರೆ ಅವನಿಗೆ ನಾನೇ ಟೀ ಕುಡಿಸುತ್ತೇನೆ. ಆದರೂ ಈ ಬೆರಳುದ್ದದ ಚಾಕುವನ್ನು ಆರಿಸಲು ನಾನು ಪಟ್ಟ ಪಾಡು, ಮದುವೆಗೆ ಹೆಣ್ಣು ನೋಡುವಾಗಲೂ ಪಟ್ಟಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಮನುಷ್ಯ. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಖಾಸಗಿ ಘಟಕ. ಅಲ್ಲಿಗೆ ಬೇಕಾದ ಗೂಡನ್ನು ರೈತರ ಹುಳುಮನೆಗಳಿಗೇ ಹೋಗಿ ನೋಡಿ ಬರುವುದು ನನ್ನ ಕೆಲಸ. ರೈತ ಬಿದಿರು ಬುಟ್ಟಿಯ, ಎಂದರೆ ಮಂಕರಿಯ, ಮೇಲ್ಗಡೆ ಒಳ್ಳೆಯ ಗೂಡು ಹರಡಿರುತ್ತಾನೆ, ನಾವು ತೋಳು ಪೂರ್ತಿ ಇಳಿಸಿ ತಳದಿಂದ ತೆಗೆಯುತ್ತೇವೆ. ಅವನು ನಮ್ಮನ್ನು ನಂಬುವುದಿಲ್ಲ, ನಾವು ಅವನನ್ನು ನಂಬುವುದಿಲ್ಲ. ಹಾಗಿದ್ದೂ ನಗುನಗುತ್ತಾ ಮಜ್ಜಿಗೆ ಕೊಡುತ್ತಾನೆ, ನಾವು ನಗುನಗುತ್ತಾ ಕುಡಿಯುತ್ತೇವೆ.

ಗೂಡು ನೋಡುವುದು ಕಿವಿಯ ಮತ್ತು ಚಾಕುವಿನ ಕೆಲಸ. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಟಕಟಕ ಅನ್ನಬೇಕು. ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಕರಗಿದೆ, ನೂಲಿಗೆ ಕಲೆ ಹತ್ತಿದೆ ಎಂದು ಅರ್ಥ. ಕಿವಿಗೆ ಅನುಮಾನ ಬಂದದ್ದನ್ನು ಚಾಕುವಿನಿಂದ ಕುಯ್ದು ನೋಡಬೇಕು. ತುದಿಯನ್ನು ಮಾತ್ರ ನಾಜೂಕಾಗಿ ಕುಯ್ಯಬೇಕು. ಅಲಗು ಮೊಂಡಾಗಿದ್ದರೆ ಗೂಡು ಅಪ್ಪಚ್ಚಿಯಾಗುತ್ತದೆ, ತೀರ ಒಳಗೆ ಹೋದರೆ ಹುಳುವೇ ಸೀಳಿಹೋಗಿ, ಅದು ಬದುಕಿತ್ತೋ ಸತ್ತಿತ್ತೋ ಯಾರಿಗೂ ತಿಳಿಯುವುದಿಲ್ಲ.

ನಾವಿಬ್ಬರು ಹೋಗುತ್ತಿದ್ದೆವು. ನನ್ನ ಜೊತೆಗಾರ ಯಳಂದೂರು ಕಡೆಯವನು, ನನಗಿಂತ ನಾಲ್ಕಾರು ವರ್ಷ ದೊಡ್ಡವನು, ನಾನು ಅಣ್ಣ ಅನ್ನುತ್ತಿದ್ದೆ. ನನ್ನದು ಕಿವಿ, ಅವನದು ಚಾಕು. ಹಿತ್ತಾಳೆ ಹಿಡಿಯ ಹಳೆಯ ಚಾಕು ಅವನ ಹತ್ತಿರವಿತ್ತು. ಒಂದೇ ಬೈಕು, ಊಟದ ಡಬ್ಬಿ ಅದಲುಬದಲು. ಅವನ ಮನೆಯ ಮುದ್ದೆ ನನಗೆ, ನನ್ನ ಮನೆಯ ಚಪಾತಿ ಅವನಿಗೆ. ಅವನು ಊರಿನ ನಡುವಿನ ಬೀದಿಯವನು, ನಾನು ಕೇರಿಯವನು. ಆ ಮಾತು ನಮ್ಮ ನಡುವೆ ಯಾವತ್ತೂ ಬಂದಿರಲಿಲ್ಲ. ಬಾರದೇ ಇರುವುದನ್ನು ಒಳ್ಳೆಯ ಲಕ್ಷಣ ಎಂದೇ ನಾನು ತಿಳಿದಿದ್ದೆ.

ನಾನು ಈ ಚಾಕು ಕೊಂಡ ವರ್ಷ ನಾವಿಬ್ಬರೂ ಆ ಕೆಲಸ ಬಿಟ್ಟು, ಕೊಳ್ಳೇಗಾಲದ ಹೊರಗೆ ನಮ್ಮದೇ ಒಂದು ಸಣ್ಣ ನೂಲಿನ ಶೆಡ್ಡು ಹಾಕಬೇಕು ಎಂದು ಮಾತಾಡಿಕೊಂಡಿದ್ದೆವು. ಜಾಗ ನೋಡಿಯಾಗಿತ್ತು. ಪಾಲುದಾರಿಕೆಯ ಪತ್ರಕ್ಕೆ ಸಹಿ ಹಾಕುವುದೊಂದು ಬಾಕಿ. ನನಗೆ ಸ್ನೇಹಿತರು ಕಮ್ಮಿ, ನನ್ನಂಥ ಅನುಮಾನದವನಿಗೆ ಯಾರು ಗಂಟುಬೀಳುತ್ತಾರೆ? ಇದ್ದವನು ಅವನೊಬ್ಬ. ಅವನನ್ನು ನಂಬಿಯೇ ಸಂಬಳದ ಕೆಲಸ ಬಿಡಲು ನಿಂತಿದ್ದೆ.

ಅಷ್ಟರಲ್ಲಿ ಹೊನ್ನೂರಿನ ಹುಳುಮನೆಯಲ್ಲಿ ಅದು ನಡೆಯಿತು. ಬಿಡಿಸಿದ ಗೂಡು ಮಂಕರಿಯಲ್ಲಿತ್ತು. ರೈತ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ನನ್ನ ಕೈಯಲ್ಲಿದ್ದ ಗೂಡು ಸದ್ದು ಮಾಡಲಿಲ್ಲ. ಜೊತೆಗಾರ ಫೋನಿನಲ್ಲಿ ಮಾತಾಡುತ್ತಿದ್ದನಾದ್ದರಿಂದ ನಾನೇ ಕುಯ್ಯೋಣ ಎಂದು ಕೈ ಚಾಚಿ, "ಚಾಕು ಕೊಡಣ್ಣ ಇಲ್ಲಿ" ಎಂದೆ. ಅವನು ಮಾತಾಡುತ್ತಲೇ ಜೇಬಿನಿಂದ ಚಾಕು ತೆಗೆದ. ನನ್ನ ಚಾಚಿದ ಅಂಗೈ ಅವನ ಮುಂದೆಯೇ ಇತ್ತು. ಅದನ್ನು ದಾಟಿ ಅವನ ಕೈ ಕೆಳಗೆ ಹೋಯಿತು. ಚಂದ್ರಿಕೆ, ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಅದರ ಅಂಚಿನ ಮೇಲೆ ಚಾಕು ಇಟ್ಟು, ಕೈ ಹಿಂದಕ್ಕೆ ಎಳೆದುಕೊಂಡ.

ರೈತ ನೋಡಿದ. ನನ್ನ ಖಾಲಿ ಅಂಗೈಯನ್ನು ನೋಡಿ, ಆಮೇಲೆ ನನ್ನ ಮುಖ ನೋಡಿ, ಆಮೇಲೆ ತನಗೇನೋ ಗೊತ್ತಾಯಿತು ಎಂಬಂತೆ ಮಂಕರಿಯ ಕಡೆ ತಿರುಗಿದ. ನನ್ನ ಮೈಯೆಲ್ಲ ಉರಿಯಿತು.

ಚಾಕು ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳವಾಗುತ್ತದೆ ಎಂಬ ಶಾಸ್ತ್ರ ನನಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ನಮ್ಮವ್ವ ಕೂಡ ಉಪ್ಪನ್ನು, ಮೆಣಸಿನಕಾಯಿಯನ್ನು, ಕತ್ತರಿಯನ್ನು ಕೈಗೆ ಕೊಡುತ್ತಿರಲಿಲ್ಲ. ಆದರೆ ನಮ್ಮಪ್ಪನಿಗೆ ಊರಿನವರು ಉಪ್ಪು ಮೆಣಸಿನಕಾಯಿಯಷ್ಟೇ ಅಲ್ಲ, ಯಾವುದನ್ನೂ ಕೈಗೆ ಕೊಡುತ್ತಿರಲಿಲ್ಲ. ಎಲೆ ಅಡಿಕೆಯನ್ನು ಜಗಲಿಯ ಅಂಚಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, "ತಕಳ್ಳಾ" ಎನ್ನುತ್ತಿದ್ದರು. ಅಪ್ಪ ಬಗ್ಗಿ ಎತ್ತಿಕೊಳ್ಳುತ್ತಿದ್ದ. ನಾನು ಅವನ ಪಂಚೆ ಹಿಡಿದು ನಿಂತು ಅದನ್ನು ನೋಡಿದ್ದೇನೆ. ಇಡುವ ಕೈ ಹಿಂದಕ್ಕೆ ಹೋಗುವ ರೀತಿ ನನಗೆ ಎಷ್ಟು ಚೆನ್ನಾಗಿ ಗೊತ್ತೆಂದರೆ, ಕತ್ತಲಲ್ಲೂ ಗುರುತು ಹಿಡಿಯುತ್ತೇನೆ.

ಹಾಗಾದರೆ ಇವನದು ಯಾವುದು? ಚಾಕುವಿನ ಶಾಸ್ತ್ರವೋ, ಜಗಲಿಯ ಶಾಸ್ತ್ರವೋ? ಒಂದೇ ಥರ ಕಾಣುವ ಎರಡನ್ನು ಬೇರೆ ಮಾಡುವುದು ಹೇಗೆ? ಗೂಡಾಗಿದ್ದರೆ ಕುಯ್ದು ನೋಡಬಹುದಿತ್ತು.

ಚಾಕು ಎತ್ತಿಕೊಂಡು ಗೂಡು ಕುಯ್ದೆ. ಹುಳು ಸತ್ತಿತ್ತು. ಚಾಕುವನ್ನು ಚಂದ್ರಿಕೆಯ ಮೇಲೇ ವಾಪಸು ಇಟ್ಟೆ. ಅವನು ಏನೂ ಆಗಿಲ್ಲವೆಂಬಂತೆ ಎತ್ತಿ ಜೇಬಿಗಿಳಿಸಿಕೊಂಡ.

ಅಲ್ಲಿಂದ ನನ್ನ ತಲೆ ಸುಮ್ಮನಿರಲಿಲ್ಲ. ಹಿಂದಿನದೆಲ್ಲ ಒಂದೊಂದಾಗಿ ಕೆದಕತೊಡಗಿತು. ಅವನ ಮನೆಗೆ ಹೋದಾಗ ಅವನ ಹೆಂಡತಿ ಕಾಫಿಯನ್ನು ಪೇಪರ್ ಲೋಟದಲ್ಲಿ ಕೊಟ್ಟಳಲ್ಲ, ಆವತ್ತು ಮನೆಯಲ್ಲಿ ನೆಂಟರಿದ್ದರು, ಎಲ್ಲರಿಗೂ ಪೇಪರ್ ಲೋಟವೇ ಇತ್ತೋ ಅಥವಾ ನನಗೆ ಮಾತ್ರವೋ? ನೆನಪಾಗುತ್ತಿಲ್ಲ. ಡಬ್ಬಿಯ ಮುದ್ದೆಯನ್ನು ನನಗೆ ಕೊಟ್ಟು ತಾನು ನನ್ನ ಚಪಾತಿ ತಿನ್ನುತ್ತಿದ್ದನಲ್ಲ, ನಿಜವಾಗಿ ತಿನ್ನುತ್ತಿದ್ದನೋ, ನಾನು ಕೈ ತೊಳೆಯಲು ಹೋದಾಗ ನಾಯಿಗೆ ಹಾಕುತ್ತಿದ್ದನೋ? "ಬಾರ್ಲಾ, ಓಗ್ಲಾ" ಎನ್ನುತ್ತಾನಲ್ಲ, ಅದು ಅಣ್ಣನ ಸಲಿಗೆಯ ಲಾ ಎಂದುಕೊಂಡಿದ್ದೆ. ನಮ್ಮಪ್ಪನಿಗೂ ಲಾ ಅನ್ನುತ್ತಿದ್ದರು. ಇಷ್ಟು ವರ್ಷ ಸಿಹಿಯಾಗಿದ್ದದ್ದೆಲ್ಲ ವಾರದೊಳಗೆ ಹುಳಿಯಾಯಿತು. ಪತ್ರಕ್ಕೆ ಸಹಿ ಹಾಕುವ ದಿನವನ್ನು ಒಂದಲ್ಲ ಒಂದು ನೆಪ ಹೇಳಿ ಮುಂದೂಡಿದೆ. ಬಾಯಿಬಿಟ್ಟು ಕೇಳಿದರೆ "ಶಾಸ್ತ್ರ ಕಣ್ಲಾ" ಎಂದು ನಕ್ಕುಬಿಡುತ್ತಾನೆ, ಆಮೇಲೆ ಅದನ್ನು ನಂಬುವುದು ಹೇಗೆ? ಅದಕ್ಕಿಂತ ಅವನ ಚಾಕುವನ್ನು ಇನ್ನು ಕೇಳುವುದೇ ಬೇಡ, ನನ್ನದೇ ಒಂದು ಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ.

ಚಾಕು ಕೊಳ್ಳಲು ಹೋದವನು ಅಲಗು ನೋಡಬೇಕು. ನಾನು ಮಾರುವವನ ಕೈ ನೋಡುತ್ತಿದ್ದೆ.

ಕೊಳ್ಳೇಗಾಲದ ಹಾರ್ಡ್‌ವೇರ್ ಅಂಗಡಿಯವನು ಪ್ಲಾಸ್ಟಿಕ್ ಹಿಡಿಯ ಮೂರು ಚಾಕು ತೆಗೆದು ಗಾಜಿನ ಮೇಲೆ ಸಾಲಾಗಿಟ್ಟ. ಕೈಗೆ ಕೊಡಲಿಲ್ಲ. ಗಾಜಿನ ಮೇಲಿಡುವುದು ಅಂಗಡಿಯ ಪದ್ಧತಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನನ್ನ ಪಕ್ಕದ ಗಿರಾಕಿಗೆ ಬೀಗವನ್ನು ಕೈಗೇ ಕೊಟ್ಟನಲ್ಲ ಎಂದೂ ನೋಡಿಕೊಂಡೆ. ಬೀಗ ಬೇರೆ, ಚಾಕು ಬೇರೆ. ಗೊತ್ತಿದ್ದೂ ಅವನ ಕೈಯನ್ನು ಇನ್ನೊಮ್ಮೆ ನೋಡಿದೆ. ಮೊದಲನೆಯದರ ಅಲಗು ಬಿಚ್ಚಿದರೆ ಆಚೀಚೆ ಅಲುಗುತ್ತಿತ್ತು. ಎರಡನೆಯದು ಬಿಗಿ ಎಂದರೆ ಬಿಗಿ, ಉಗುರು ಕಿತ್ತುಬರುವಷ್ಟು. ಮೂರನೆಯದರ ಅಲಗಿನ ಮೇಲೆ ಹುಲಿಯ ಚಿತ್ರವಿತ್ತು. ಚಾಕುವಿನ ಮೇಲೆ ಹುಲಿ ಬರೆದವನು ಅದನ್ನು ಮಸೆಯಲು ಪುರುಸೊತ್ತು ಮಾಡಿಕೊಂಡಿರಲಿಲ್ಲ. "ಒರಿಜಿನಲ್ ಸ್ಟೀಲ್ ಸಾ" ಎಂದ ಅಂಗಡಿಯವನು. ಯಾರೂ ಕೇಳದೆ ಒರಿಜಿನಲ್ ಎಂದವನನ್ನು ನಂಬುವ ಅಭ್ಯಾಸ ನನಗಿಲ್ಲ.

ಆನ್‌ಲೈನಿನಲ್ಲೂ ನೋಡಿದೆ. ಅಲ್ಲಿ ಚಾಕುವಿನ ಜೊತೆ ಸೀಟಿ, ದಿಕ್ಸೂಚಿ, ಬೆಂಕಿ ಹೊತ್ತಿಸುವ ಕಲ್ಲು ಎಲ್ಲ ಸೇರಿಸಿ ಕೊಡುತ್ತಾರಂತೆ. ಗೂಡು ಕುಯ್ಯುವವನಿಗೆ ಸೀಟಿ ಯಾಕೆ? ಫೋನು ಮುಚ್ಚಿಟ್ಟೆ.

ಹನೂರಿನಲ್ಲಿ ರಸ್ತೆ ಬದಿಯಲ್ಲೇ ಒಂದು ಕುಲುಮೆ ಇದೆ. ಅಲ್ಲಿಯವನು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು, ಕುಡುಗೋಲು ಮಾಡುತ್ತಾನೆ. ಹಳದಿ ಮರದ ಹಿಡಿ ಹಾಕಿದ ಒಂದು ಮಡಚುವ ಚಾಕು ಅವನ ಹತ್ತಿರವಿತ್ತು. ಕೈ ಚಾಚಿದೆ. ಅವನು ಅದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟ.

"ಕೈಗೇ ಕೊಡಪ್ಪ" ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿತು.

"ಬ್ಯಾಡಿ ಸಾ, ಜಗಳ ಆಯ್ತದೆ. ನಂಗೂ ನಿಮ್ಗೂ ಯಾತಕ್ಕೆ? ನಾಳೆ ಸಾಣೆ ಇಡ್ಯಕ್ಕೆ ನನ್ತವೇ ಬರ್ಬೇಕು ನೀವು" ಎಂದು ನಕ್ಕ.

ನಾನು ಚಾಕು ನೋಡುವ ನೆಪದಲ್ಲಿ ಅಲ್ಲೇ ನಿಂತೆ. ಬಿಳಿ ಅಂಗಿಯ, ಚಿನ್ನದ ಉಂಗುರದ ಒಬ್ಬ ದೊಡ್ಡ ಮನುಷ್ಯ ಕಾರಿನಿಂದಿಳಿದು ತೆಂಗಿನಕಾಯಿ ಮಚ್ಚು ಕೇಳಿದ. ಕುಲುಮೆಯವನು ಅವನಿಗೂ ಅಡಿಗಲ್ಲಿನ ಮೇಲೇ ಇಟ್ಟ. ಉಂಗುರದ ಕೈ ಬಗ್ಗಿ ಎತ್ತಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಸಮಾಧಾನಪಟ್ಟು ಮನೆಗೆ ಹೋಗುತ್ತಿದ್ದರು. ನನ್ನ ಅನುಮಾನ ಅಷ್ಟಕ್ಕೆ ಬಗ್ಗುವಂಥದಲ್ಲ. ಇದರಿಂದ ಕುಲುಮೆಯವನು ಶುದ್ಧ ಎಂದು ತಿಳಿಯಿತು, ಅಷ್ಟೇ. ಜೊತೆಗಾರನ ವಿಷಯ ಇದ್ದಲ್ಲೇ ಇತ್ತು. ಚಾಕುವೂ ಸರಿಯಿರಲಿಲ್ಲ, ಅಲಗು ದಪ್ಪ. ಕಬ್ಬು ಸುಲಿಯಲು ಆದೀತು, ಗೂಡಿಗೆ ಆಗದು.

ಕೊನೆಗೆ ಸಿಕ್ಕಿದ್ದು ಒಡೆಯರಪಾಳ್ಯದಲ್ಲಿ. ಆ ಕಡೆಯ ಹಳ್ಳಿಯೊಂದರಲ್ಲಿ ಗೂಡು ನೋಡಲು ಕಿವಿಯೊಂದನ್ನೇ ನಂಬಿ ಒಬ್ಬನೇ ಹೋಗಿದ್ದೆ. ಬರುವಾಗ ಅಲ್ಲಿ ನೆಲೆಸಿರುವ ಟಿಬೆಟಿನವರ ಅಂಗಡಿಯೊಂದಕ್ಕೆ ನುಗ್ಗಿದೆ. ಸ್ವೆಟರು, ಛತ್ರಿ, ಟಾರ್ಚುಗಳ ನಡುವೆ ಮರದ ಹಿಡಿಯ ಒಂದು ಸಣ್ಣ ಮಡಚುವ ಚಾಕು ನೇತಾಡುತ್ತಿತ್ತು. ಅಂಗಡಿಯ ಅಜ್ಜಿ ಅದನ್ನು ಬಿಚ್ಚಿ, ಹಿಡಿಯನ್ನು ನನ್ನ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು ನನ್ನ ಅಂಗೈಗೆ ಇಟ್ಟಳು. "ನೋಡು, ಬಾಳ ಶಾರ್ಪು, ಬೆರಳು ಜೋಪಾನ" ಎಂದಳು.

ನನ್ನ ಕಣ್ಣು ಒದ್ದೆಯಾಯಿತು. ಒಂದು ಚಾಕು ಕೈಗೆ ಬಂದಿದ್ದಕ್ಕೆ ಅಳುವ ಗಂಡಸನ್ನು ಆ ಅಜ್ಜಿ ಏನೆಂದುಕೊಂಡಳೋ. ತಕ್ಷಣ ನನ್ನ ಬುದ್ಧಿ ಎದ್ದು ಕೂತು, ಇವಳಿಗೆ ನಿನ್ನ ಕೇರಿ ಗೊತ್ತಿಲ್ಲವಲ್ಲ, ಅದಕ್ಕೇ ಕೊಟ್ಟಳು ಎಂದಿತು. ಅದರ ಬಾಯಿ ಮುಚ್ಚಿಸಿ, ಜೇಬಿನಲ್ಲಿದ್ದ ಒಂದು ಗೂಡು ತೆಗೆದು ತುದಿಗೆ ಅಲಗು ತಾಗಿಸಿದೆ. ಟೋಪಿ ತೆಗೆದಂತೆ ತುದಿ ಬಂತು, ಒಳಗಿನ ಹುಳುವಿಗೆ ಒಂದು ಗೀರೂ ಬೀಳಲಿಲ್ಲ. ಅಲಗು ಅಲುಗಲಿಲ್ಲ, ಬಿಚ್ಚಲು ಉಗುರು ಸಾಕಿತ್ತು. ಚೌಕಾಸಿ ಮಾಡದೆ ಕೊಂಡೆ. ನನ್ನ ಜೀವಮಾನದಲ್ಲಿ ಚೌಕಾಸಿ ಮಾಡದೆ ಕೊಂಡ ವಸ್ತು ಅದೊಂದೇ ಇರಬೇಕು.

ಮುಂದಿನ ವಾರ ಯಳಂದೂರಿನ ಹತ್ತಿರದ ಹುಳುಮನೆಗೆ ಇಬ್ಬರೂ ಹೋದೆವು. ಅವನು ಚಾಕು ತೆಗೆಯುವ ಮೊದಲೇ ನಾನು ನನ್ನದನ್ನು ತೆಗೆದು ಗೂಡು ಕುಯ್ದೆ. ಅವನ ಕೈ ಜೇಬಿನಲ್ಲೇ ನಿಂತಿತು.

"ಇದ್ಯಾವ್ದ್ಲಾ?"

"ನಂದು. ತಕಂಡೆ."

"ನಂದೇನಾಗಿತ್ತು?"

"ಏನೂ ಆಗಿಲ್ಲ. ನಂದೂ ಒಂದಿರ್ಲಿ ಅಂತ."

ಅವನ ಮುಖ ಕಪ್ಪಿಟ್ಟಿತು. ನನಗೆ ಆಗ ಒಳಗೊಳಗೇ ಖುಷಿಯಾಯಿತು ಎಂದು ಹೇಳಲು ಸಂಕೋಚವೇನೂ ಇಲ್ಲ. ಆದರೆ ಆ ದಿನದಿಂದ ಅವನು ತನ್ನ ಡಬ್ಬಿಯನ್ನು ತಾನೇ ಉಣ್ಣತೊಡಗಿದ. ಶೆಡ್ಡಿನ ಮಾತೆತ್ತುವುದನ್ನು ಬಿಟ್ಟ. ನೋಡಿದಿಯಾ, ನಾನು ಎಣಿಸಿದ್ದೇ ಸರಿ, ಬಣ್ಣ ಈಗ ಬಯಲಾಯಿತು ಎಂದುಕೊಂಡೆ.

ಅವನು ಎಣಿಸುತ್ತಿದ್ದುದೇ ಬೇರೆ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಕಸುಬಿನಲ್ಲಿ ಜೋಡಿಯಾಗಿ ಹೋಗುವವರಲ್ಲಿ ಒಬ್ಬನ ಚಾಕು ಮಾತ್ರ ಹೊರಬರುತ್ತದೆ. ಇನ್ನೊಬ್ಬ ತನ್ನ ಚಾಕು ತೆಗೆದನೆಂದರೆ ಅದಕ್ಕೆ ಒಂದೇ ಅರ್ಥ: ನೀನು ರೈತನ ಜೊತೆ ಸೇರಿಕೊಂಡು ಒಳ್ಳೆಯ ಗೂಡನ್ನಷ್ಟೇ ಆರಿಸಿ ಕುಯ್ಯುತ್ತೀಯ, ನೀನು ಕಳ್ಳ. ನಾನು ರೈತನ ಎದುರಿಗೇ ಚಾಕು ತೆಗೆದು ಅವನನ್ನು ಕಳ್ಳನೆಂದು ಸಾರಿದ್ದೆ. ಕೈಗಳನ್ನು ನೋಡುತ್ತಾ ಊರೂರು ಅಲೆದವನಿಗೆ ತನ್ನ ಕೈ ಏನು ಹೇಳುತ್ತಿದೆ ಎಂಬುದು ಕಾಣಿಸಿರಲಿಲ್ಲ.

ಅದು ಹೊರಬಿದ್ದದ್ದು ಮತ್ತೆ ಹೊನ್ನೂರಿನಲ್ಲೇ. ಗೂಡು ನೋಡಿ ಮುಗಿಸಿ, ರಸ್ತೆಯ ಪಕ್ಕ ಭತ್ತದ ಗದ್ದೆಯ ಬದುವಿನ ಮೇಲೆ ತಂತಮ್ಮ ಡಬ್ಬಿ ಬಿಚ್ಚಿ ಕೂತಿದ್ದೆವು. ಅವನು ಒಂದು ತುತ್ತು ಎತ್ತಿ ಮತ್ತೆ ಇಟ್ಟ.

"ಶೆಡ್ಡು ಬ್ಯಾಡ ಕಣ್ಲಾ" ಎಂದ. "ನನ್ ಕುಯ್ತದ ಮ್ಯಾಲೆ ನಿಂಗೆ ನಂಬ್ಕೆ ಇಲ್ಲ. ಕಳ್ಳನ ಜೊತೆ ಯಾಕ್ ಪಾಲುದಾರ್ಕೆ ಮಾಡೀಯೆ? ಬುಟ್ಬುಡು."

ನಾನು ಬೆಪ್ಪಾದೆ. "ಕಳ್ಳ ಅಂತ ಯಾರಂದೋರು?"

"ಬಾಯಲ್ಲಿ ಅನ್ಬೇಕಾ? ಚಾಕು ತಗ್ದಲ್ಲಾ."

ಆಗ ನನ್ನ ಬಾಯಿ ನನ್ನ ಹಿಡಿತ ತಪ್ಪಿತು. "ಚಾಕು ಯಾಕ್ ತಕಂಡೆ ಗೊತ್ತಾ ನಿಂಗೆ? ಅವತ್ತು ಇದೇ ಒನ್ನೂರಲ್ಲಿ ಕೈ ಚಾಚ್ದೆ. ನೀನು ಕೈ ದಾಟ್ಸಿ ಕೆಳಕ್ಕಿಟ್ಟೆ. ನಮ್ಮಪ್ಪಂಗೆ ನಿಮ್ಮೋರು ಎಲೆಡ್ಕೆನೂ ಕೆಳಕ್ಕೇ ಮಡ್ಗಿ ಕೊಡ್ತಿದ್ರು. ನಾನು ಅದ್ನ ನೋಡ್ಕಂಡು ಬೆಳ್ದೋನು."

ಅವನು ಬಾಯಿ ತೆರೆದ. ಶಾಸ್ತ್ರ ಕಣ್ಲಾ ಎನ್ನುತ್ತಾನೆ, ನಗುತ್ತಾನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ಕಾದೆ. ಅವನು ನಗಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅದರ ತುಂಬ ಮುದ್ದೆ ಮೆತ್ತಿತ್ತು.

"ಚಾಕು ಕೈಗ್ ಕೊಡ್ಬಾರ್ದು ಅಂತ್ಲೇ ಇಟ್ಟಿದ್ದು ಅನ್ಕತೀನಿ" ಎಂದ. ಆಮೇಲೆ ತಾನೇ, "ದೇವ್ರಾಣೆ ಅನ್ನಕ್ಕೆ ಆಗಲ್ಲ ಕಣ್ಲಾ. ಗೊತ್ತಿಲ್ಲ. ಕೈ ಅಂಗೇ ಓಯ್ತು. ನಮ್ಮಟ್ಟೀಲಿ ಕೈಗೋಳು ಅಂಗೇ ಓಗಿ ಓಗಿ ರೂಢಿ" ಎಂದ.

ಅವನು ಆಣೆ ಇಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ಗೊತ್ತಿಲ್ಲ ಎಂದನಲ್ಲ, ಅದನ್ನು ನಂಬಿದೆ. ನಾನು ಅವನ ಕೈ ಮೇಲೆ ಪಟ್ಟ ಅನುಮಾನವನ್ನು ಅವನೂ ಪಡುತ್ತಿದ್ದ. ಅನುಮಾನದಲ್ಲಿ ನನಗೆ ಜೊತೆ ಸಿಕ್ಕಿದ್ದು ಅದೇ ಮೊದಲು.

ಅವನು ಎದ್ದು ಗದ್ದೆಯ ಕಾಲುವೆಯಲ್ಲಿ ಕೈ ತೊಳೆದು ಬಂದ. ಜೇಬಿನಿಂದ ಹಿತ್ತಾಳೆ ಹಿಡಿಯ ಚಾಕು ತೆಗೆದ. ನನ್ನ ಎಡಗೈಯನ್ನು ಹಿಡಿದೆಳೆದು ಬಿಡಿಸಿ, ಅದರಲ್ಲಿ ಚಾಕು ಇಟ್ಟು, ನನ್ನ ಬೆರಳುಗಳನ್ನು ಒತ್ತಿ ಮಡಚಿದ. ಹಿತ್ತಾಳೆ ಬೆಚ್ಚಗಿತ್ತು.

"ತಕ. ಜಗಳ ಆದ್ರೆ ಆಗ್ಲಿ" ಎಂದ.

ಆಯಿತು. ಶಾಸ್ತ್ರ ಸುಳ್ಳಾಗಲಿಲ್ಲ. ಆ ಬದುವಿನ ಮೇಲೇ, ಇಷ್ಟು ವರ್ಷ ಈ ಮಾತು ಯಾಕೆ ಆಡಲಿಲ್ಲ ಎಂದು ಅವನು, ನೀನ್ಯಾಕೆ ಕೇಳಲಿಲ್ಲ ಎಂದು ನಾನು, ಹೊನ್ನೂರಿನ ಬಸ್ಸಿನವರು ಕತ್ತು ಹೊರಗೆ ಹಾಕಿ ನೋಡುವಷ್ಟು ಕಿತ್ತಾಡಿದೆವು. ಅಲ್ಲಿಯವರೆಗೆ ನಾವು ಒಂದು ದಿನವೂ ಜಗಳವಾಡಿರಲಿಲ್ಲ. ಈಗ ನಮ್ಮ ಶೆಡ್ಡಿನಲ್ಲಿ ಜಗಳವಿಲ್ಲದ ದಿನವಿಲ್ಲ: ಗೂಡು ಬೆಂದದ್ದು ಹೆಚ್ಚಾಯಿತೆಂದು, ನೂಲು ದಪ್ಪ ಬಂತೆಂದು, ಫ್ಯಾನು ಯಾರ ಕಡೆ ತಿರುಗಬೇಕೆಂದು.

ಎರಡೂ ಚಾಕು ಈಗ ಇಬ್ಬರದೂ. ಇವತ್ತು ಬೆಳಿಗ್ಗೆ ಮಂಕರಿಯ ಮುಂದೆ ನಿಂತು ಒಲೆಯ ಸೌದೆಯ ವಿಷಯಕ್ಕೆ ನನ್ನನ್ನು ಬೈಯುತ್ತಲೇ, "ತತ್ತಾರ್ಲಾ ಚಾಕು" ಎಂದು ಕೈ ಚಾಚಿದ. ಅಂಗೈಗೆ ಇಟ್ಟೆ. ಇಡುವಾಗ ಅವನ ಬೆರಳುಗಳನ್ನು ನೋಡಿದೆ. ಹಿಂದಕ್ಕೆ ಸರಿಯುತ್ತವೋ ಎಂದು ಈಗಲೂ ನೋಡುತ್ತೇನೆ, ಬಿಡಲು ಆಗಿಲ್ಲ. ಅದು ಅವನಿಗೆ ಗೊತ್ತು. ಅದಕ್ಕೇ, ಚಾಕು ಕೈಗೆ ಬಂದ ಮೇಲೂ, ಬೈಯುವುದನ್ನು ನಿಲ್ಲಿಸದೆ, ಅವನು ಆ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ನನ್ನ ಕೈಗೆ ತಾಗಿಸಿಕೊಂಡು ನಿಂತಿರುತ್ತಾನೆ.